ಮಸ್ಟರಿಗೆ ಬಂದ ಶಾಲೆಯ ಜೀಪು

ಕುಶಾಲನಗರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಈ ವರ್ಷ ತಾರಸಿಯ ಮೇಲೆ ಕಾಫಿ ಹರವಿದ್ದಾರೆ. ಸುಂಟಿಕೊಪ್ಪದ ಕಡೆ ಅವರಿಗೆ ಒಂದಿಷ್ಟು ತೋಟವಿದೆ, ಒಣಗಿಸಲು ಕಣವಿಲ್ಲ. ಕೊಯ್ದ ಹಣ್ಣನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ಊರಿಗೇ ತಂದು ಸುರಿದುಬಿಟ್ಟರು. ಹಣ್ಣು ಕಾಫಿ ಬಿಸಿಲಿಗೆ ಬಿದ್ದ ಮೊದಲ ದಿನಗಳಲ್ಲಿ ಒಂದು ಹುಳಿ ವಾಸನೆ ಬರುತ್ತದೆ, ಕೊಳೆತ ಬೆಲ್ಲದ್ದು, ಅದರ ಹಿಂದೆಯೇ ಹಸಿ ಸಿಪ್ಪೆಯ ಒಗರು. ನನ್ನ ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಹೋಗಿ ತೆಗೆದೆ. ಅವಳು ಮತ್ತೆ ಹಾಕಿದಳು. ಕೊನೆಗೆ ನಾನು ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಹೊರಗೆ ಜಗಲಿಯಲ್ಲಿ ಕೂತೆ. "ಅತ್ತೆಗೆ ವಯಸ್ಸಾಯ್ತು" ಎಂದು ಅವಳು ಒಳಗೆ ಯಾರಿಗೋ ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ನನಗೆ ಬರೀ ಕಾಫಿಯ ವಾಸನೆಯಲ್ಲ, ಒಬ್ಬ ಮನುಷ್ಯನ ವಾಸನೆ.

ಅವರ ಕಂದು ಕೋಟಿನಲ್ಲಿ ಸದಾ ಅದೇ ಇರುತ್ತಿತ್ತು. ಕಣದಲ್ಲಿ ನಿಂತು ನಿಂತು ಬಟ್ಟೆಗೆ ಹತ್ತಿದ್ದು. ಆಮೇಲೆ ಅವರು ಮಡಿಕೇರಿಯ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಹಿಡಿದು ಕೂತಾಗಲೂ ಅದು ಹೋಗಲಿಲ್ಲ. ಫೈಲು ತಂದ ಗುಮಾಸ್ತರು ಅವರ ಬೆನ್ನ ಹಿಂದೆ ಮೂಗು ಸೊಟ್ಟ ಮಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ...

ನಾನು ಶಿರಂಗಾಲದವಳು. ನಮ್ಮ ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದವರು. ಕಾಫಿ ಗಿಡವನ್ನು ನಾನು ಸರಿಯಾಗಿ ನೋಡಿದ್ದೇ ಕೆಲಸ ಸಿಕ್ಕಿ ಅಮ್ಮತ್ತಿಯ ಕಡೆ ಹೋದ ಮೇಲೆ. ನಮ್ಮ ಶಾಲೆ ಒಂದು ದೊಡ್ಡ ಕಂಪನಿ ಎಸ್ಟೇಟಿನ ಬೇಲಿಗೆ ಒತ್ತಿಕೊಂಡಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ನಾನು ಮತ್ತು ಇನ್ನೊಬ್ಬ ಮೇಷ್ಟ್ರು. ಮಕ್ಕಳೆಲ್ಲ ಲೈನಿನವರು, ಅಂದರೆ ಎಸ್ಟೇಟಿನ ಕೆಲಸಗಾರರ ಸಾಲು ಮನೆಗಳಿಂದ ಬರುವವರು. ಆ ಸಾಲಿನಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ಮಲಯಾಳ, ಅದರಾಚೆ ತುಳು. ಮಕ್ಕಳು ಜಗಳಕ್ಕೆ ನಿಂತಾಗ ಮಾತ್ರ ಎಲ್ಲರದೂ ಒಂದೇ ಕನ್ನಡ.

ಆ ಕಂದು ಕೋಟಿನವರು ಆ ಕಂಪನಿಯ ಜನರಲ್ ಮ್ಯಾನೇಜರ್. ಸುತ್ತಲಿನ ಅಷ್ಟೂ ಎಸ್ಟೇಟುಗಳು ಅವರ ಕೈಕೆಳಗೆ ಇದ್ದವು. ಲೈನಿನವರು ಅವರನ್ನು ದೊರೆ ಅನ್ನುತ್ತಿದ್ದರು. ನನಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಸರ್ಕಾರದ ಸಂಬಳ ತಿನ್ನುವವಳಿಗೆ ಯಾವ ದೊರೆ? ಸಾರ್ ಅನ್ನುತ್ತಿದ್ದೆ. ಸೋಮವಾರಪೇಟೆ ಕಡೆಯ ವ್ಯಾಪಾರಸ್ಥರ ಮನೆತನ, ದೊಡ್ಡ ಓದು, ದೊಡ್ಡ ಹುದ್ದೆ. ಆದರೂ ಬಾಯಿ ತೆಗೆದರೆ ನಮ್ಮ ಕಡೆಯದೇ ಕನ್ನಡ. ದಿನಾ ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿ ಅದರ ಮೇಲೆ ಟೋಪಿ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ವಿಭೂತಿಯೆಲ್ಲ ಟೋಪಿಯ ಒಳ ಅಂಚಿಗೆ ಅಂಟಿರುತ್ತಿತ್ತು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಕಂಪನಿ ಅವರನ್ನು ತಂದು ಕೂರಿಸಿತ್ತು. ಬಂದವರೇ ದಂಡದ ಖರ್ಚು ಅಂತ ಕಂಡದ್ದಕ್ಕೆಲ್ಲ ಕತ್ತರಿ ಹಾಕಿದರು. ಬಂಗಲೆಯ ಹೂದೋಟದ ಮಾಲಿಗಳು ಕಳೆ ಕೀಳಲು ಹೋದರು. ಲೈನಿನ ತುದಿಯಲ್ಲಿ ಕೂಸುಗಳ ಕೋಣೆ ಅಂತ ಒಂದಿತ್ತು. ತಾಯಂದಿರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು, ಕಂಪನಿಯ ಆಯಾ ಒಬ್ಬಳು ತೊಟ್ಟಿಲು ತೂಗಿಕೊಂಡು ಕೂತಿರುತ್ತಿದ್ದಳು. ಆ ವರ್ಷ ಲೈನಿನಲ್ಲಿ ಕೂಸುಗಳು ಕಡಿಮೆ ಇದ್ದವು. ನಾಲ್ಕು ಮಕ್ಕಳಿಗೊಬ್ಬ ಆಯಾ ಅಂದರೆ ಕಂಪನಿ ನಡೆಯುವುದು ಹೇಗೆ ಅಂದುಕೊಂಡು ಅವರು ಆ ಕೋಣೆಗೆ ಬೀಗ ಹಾಕಿಸಿದರು. ಆಮೇಲೆ ಅದರಲ್ಲಿ ಗೊಬ್ಬರದ ಮೂಟೆ ಇಟ್ಟರು. ಕಂಪನಿ ನಷ್ಟದಿಂದ ಎದ್ದು ನಿಂತಿತು, ಅವರಿಗೆ ಹೊಗಳಿಕೆಯೂ ಬಂತು. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ಒಂದು ಸಲ ಆನೆ ಬಂದು ನಮ್ಮ ಅಡುಗೆಮನೆಯ ಗೋಡೆ ಒಡೆದು ಅಕ್ಕಿ ತಿಂದುಕೊಂಡು ಹೋಯಿತು. ಪಕ್ಕದ ಎಸ್ಟೇಟು ಅವರದೇ ಆದ್ದರಿಂದ ಗಾರೆಯವರನ್ನು ಕರೆದುಕೊಂಡು ಅವರೇ ಬಂದರು. ಆ ದಿನ ನನ್ನ ಜೊತೆಯ ಮೇಷ್ಟ್ರು ರಜೆ. ನಾನು ಅಡುಗೆಯವಳ ಜೊತೆ ಅಂಗಳದಲ್ಲಿ ಕಲ್ಲಿಟ್ಟು ಬೇಳೆ ಬೇಯಿಸುತ್ತಿದ್ದೆ. ಒಳಗೆ ಮಕ್ಕಳು ಮಾಡು ಹಾರಿಸುತ್ತಿದ್ದವು. ಅವರು ಸೊಂಟಕ್ಕೆ ಕೈಯಿಟ್ಟು ಸುಮ್ಮನೆ ನಿಂತದ್ದು ಕಂಡು ನನಗೆ ರೇಗಿತು.

"ನಿಂತ್ಕಂಡ್ ಏನ್ ಮಾಡ್ತೀರ ಸಾರ್, ಒಳಗ್ ಹೋಗಿ ಮಕ್ಕಳ್ನ ನೋಡ್ಕಳಿ" ಅಂದುಬಿಟ್ಟೆ.

ಗಾರೆಯವರು ಕರಣೆ ಹಿಡಿದ ಕೈ ಹಾಗೇ ಬಿಟ್ಟು ನನ್ನನ್ನು ನೋಡಿದರು. ಸಾರ್ ಟೋಪಿ ತೆಗೆದು ಒಳಗೆ ಹೋದರು. ಬೇಳೆ ಬೆಂದು ಒಗ್ಗರಣೆಯಾಗುವವರೆಗೂ ಹೊರಗೆ ಬರಲಿಲ್ಲ. ಬಂದಾಗ ಕೋಟಿಗೆಲ್ಲ ಸೀಮೆಸುಣ್ಣ. ಅವರ ಟೋಪಿ ಒಂದನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿಯ ತಲೆಯ ಮೇಲಿತ್ತು, ಅವಳ ಕಣ್ಣು ಮೂಗು ಏನೂ ಕಾಣುತ್ತಿರಲಿಲ್ಲ. "ಟೀಚರ್, ಒಬ್ಬರೂ ನನ್ನ ಮಾತು ಕೇಳಲ್ವಲ್ರೀ!" ಅಂದರು. ದೂರಲ್ಲ ಅದು, ಮುಖ ಅರಳಿತ್ತು. ಕಂಪನಿಯಲ್ಲಿ ಎಷ್ಟೋ ವರ್ಷದಿಂದ ಅವರ ಮಾತಿಗೆ ಯಾರೂ ಎದುರಾಡಿರಲಿಲ್ಲ. ಅದಕ್ಕೇ ಇರಬೇಕು, ಮುಂದಿನ ವಾರ ಗೋಡೆಯ ನೆಪವಿಲ್ಲದೆ ಮತ್ತೆ ಬಂದರು.

ಹಾಗೆ ಶುರುವಾಯಿತು. ಮೊದಲು ನಮ್ಮ ಶಾಲೆ, ಆಮೇಲೆ ಪಕ್ಕದ ಶಾಲೆ, ಆಮೇಲೆ ರಜೆಯ ದಿನಗಳಲ್ಲಿ ತಾಲ್ಲೂಕೆಲ್ಲ ಸುತ್ತಾಟ. ಕಂಪನಿಯಿಂದ ಒಂದು ಕಡೆ ಶೌಚಾಲಯ ಕಟ್ಟಿಸಿದರು, ಇನ್ನೊಂದು ಕಡೆ ನೀರಿನ ಪೈಪು ಹಾಕಿಸಿದರು. ಸಭೆಗಳಿಗೆ ಕರೆದರೆ ಭಾಷಣ ಬಿಟ್ಟು, ಯಾವ ಶಾಲೆಯ ಹೆಂಚು ಒಡೆದಿದೆ, ಯಾವ ಶಾಲೆಗೆ ಮೇಷ್ಟ್ರಿಲ್ಲ ಅಂತ ಹೇಳುತ್ತಿದ್ದರು. ಮೇಲಿನವರ ಕಣ್ಣಿಗೆ ಬಿದ್ದರು. ಜಿಲ್ಲೆಯ ಸರ್ಕಾರಿ ಶಾಲೆಗಳನ್ನು ಸರಿಮಾಡಲು ಸರ್ಕಾರ ವಿಶೇಷಾಧಿಕಾರಿ ಅಂತ ಒಂದು ಹುದ್ದೆ ಮಾಡಿ ಅವರನ್ನು ಕರೆಯಿತು. ಅವರು ಬಂಗಲೆ, ಕಾರು, ಕ್ಲಬ್ಬು ಎಲ್ಲ ಬಿಟ್ಟು ಮಡಿಕೇರಿಯಲ್ಲಿ ಬಾಡಿಗೆ ಮನೆ ಹಿಡಿದರು. ಪ್ಲಾಂಟರ್ ಗೆಳೆಯರು ತಲೆ ಕೆಟ್ಟಿದೆ ಅಂದರು. ನಾನೂ ಕೇಳಿದೆ, ಯಾಕೆ ಸಾರ್ ಈ ಉಸಾಬರಿ ಅಂತ.

"ಎಷ್ಟೇ ಒದ್ದಾಡಿದ್ರೂ ನಮ್ಮ ಕಾಫಿಗೆ ಬೆಲೆ ಕಟ್ಟೋನು ಲಂಡನ್‌ನಲ್ಲಿ ಕೂತಿರ್ತಾನೆ ಟೀಚರ್. ನನ್ನ ಕೈಲೇನೂ ಇಲ್ಲ. ಇಲ್ಲಿ ಹಂಗಲ್ಲ ಅಲ್ವಾ?"

"ಇಲ್ಲಿ ಬೆಂಗಳೂರಲ್ಲಿ ಕೂತಿರ್ತಾರೆ, ಅಷ್ಟೇ ವ್ಯತ್ಯಾಸ" ಅಂದೆ. ಇಬ್ಬರೂ ನಕ್ಕೆವು.

ಎಸ್ಟೇಟಿನಲ್ಲಿ ಬೆಳಗಾಗುತ್ತಲೇ ಕೆಲಸಗಾರರೆಲ್ಲ ಒಂದು ಮೈದಾನದಲ್ಲಿ ಸೇರುತ್ತಾರೆ. ಹಾಜರಿ ಕರೆದು, ಇವತ್ತು ಯಾರು ಯಾವ ಕಡೆ ಅಂತ ಹಂಚುತ್ತಾರೆ. ಅದಕ್ಕೆ ಮಸ್ಟರ್ ಅನ್ನುತ್ತಾರೆ. ಇವರು ಸರ್ಕಾರಿ ಕಚೇರಿಯಲ್ಲೂ ಮಸ್ಟರ್ ಶುರುಮಾಡಿದರು! ವಾರಕ್ಕೊಮ್ಮೆ ಅಧಿಕಾರಿಗಳೆಲ್ಲ ಅಂಗಳದಲ್ಲಿ ನಿಂತುಕೊಂಡೇ ತಮ್ಮ ತಮ್ಮ ಕೆಲಸ ಹೇಳಬೇಕು. ಕುರ್ಚಿಯಿಲ್ಲ, ಟೀ ಇಲ್ಲ. ಅವರಿಗೆ ಮಸ್ಟರ್ ಸಾಹೇಬ ಅಂತ ಅಡ್ಡಹೆಸರು ಬಿತ್ತು. ಬಯ್ಯುತ್ತಲೇ ಜನ ಕೆಲಸ ಮಾಡಿದರು. ಆ ವರ್ಷ ಪಠ್ಯಪುಸ್ತಕ ಮಳೆಗೆ ಮುಂಚೆ ನಮ್ಮ ಶಾಲೆಗೆ ಬಂತು, ಅದನ್ನು ನೋಡಿ ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ.

ಅವರ ಆಟ ನಡೆಯದೇ ಇದ್ದದ್ದು ಪಿಕಿಂಗ್ ಮುಂದೆ ಮಾತ್ರ. ಚಳಿಗಾಲದಲ್ಲಿ ಹಣ್ಣು ಕೊಯ್ಲು ಶುರುವಾದರೆ ಲೈನಿನ ಹೆಂಗಸರಿಗೆ ಅದೇ ದುಡಿಮೆಯ ಕಾಲ, ಮನೆಗಳೆಲ್ಲ ಖಾಲಿ. ಕೂಸುಗಳನ್ನು ನೋಡಿಕೊಳ್ಳಲು ದೊಡ್ಡ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದವು. ನನ್ನ ನಾಲ್ಕನೇ, ಐದನೇ ಕ್ಲಾಸಿನ ಬೆಂಚುಗಳಲ್ಲಿ ಗಂಡುಮಕ್ಕಳು ಮಾತ್ರ ಕಾಲು ಚಾಚಿ ಕೂತಿರುತ್ತಿದ್ದರು. ಪಿಕಿಂಗ್ ಮುಗಿದು ಬಂದ ಹುಡುಗಿಯರಿಗೆ ಕಲಿತದ್ದು ಅರ್ಧ ಮರೆತಿರುತ್ತಿತ್ತು. ಒಂದೆರಡು ವರ್ಷ ಹಾಗಾದ ಮೇಲೆ ಬರುವುದೇ ನಿಲ್ಲುತ್ತಿತ್ತು.

ಆ ಟೋಪಿ ಹಾಕಿಕೊಂಡಿದ್ದ ಪುಟ್ಟ ಹುಡುಗಿ ಅಷ್ಟರಲ್ಲಿ ಐದನೇ ಕ್ಲಾಸಿಗೆ ಬಂದಿದ್ದಳು. ನಾನು ಕಂಡ ಮಕ್ಕಳಲ್ಲಿ ಅವಳಷ್ಟು ಆಸೆಬುರುಕಿ ಇನ್ನೊಬ್ಬಳಿಲ್ಲ. ಅನ್ನದ ಆಸೆಯಲ್ಲ, ಪಾಠದ ಆಸೆ. ಗಂಟೆ ಹೊಡೆದರೂ ಚೀಲ ಕಟ್ಟುತ್ತಿರಲಿಲ್ಲ. ಆರನೇ ಕ್ಲಾಸಿನ ಪುಸ್ತಕವನ್ನು ಕಿಟಕಿಯಲ್ಲಿ ನಿಂತು ಓದುತ್ತಿದ್ದಳು. ಅವಳಿಗೆ ಒಬ್ಬ ತಮ್ಮ ಇದ್ದ, ಆಗಷ್ಟೇ ನಡೆಯಲು ಕಲಿತವನು, ಸದಾ ಅವಳ ಸೊಂಟದ ಮೇಲೆಯೇ. ಪಿಕಿಂಗ್ ಬಂತೆಂದರೆ ಅವಳ ಮುಖ ಬಾಡುತ್ತಿತ್ತು. ಸಾರ್ ಬಂದಾಗಲೆಲ್ಲ ಅವಳನ್ನು ಹತ್ತಿರ ಕರೆದು ಏನಾದರೂ ಕೇಳುತ್ತಿದ್ದರು. "ಇವಳನ್ನ ಮಾತ್ರ ಬಿಡಬಾರದು ಟೀಚರ್" ಅಂತ ನನಗೆ ಹೇಳುತ್ತಿದ್ದರು.

ಆ ವರ್ಷ ಅವರೊಂದು ಉಪಾಯ ಮಾಡಿದರು. ಹುಡುಗಿಯರು ಕೂಸುಗಳನ್ನು ಎತ್ತಿಕೊಂಡು ತಾಯಂದಿರ ಹಿಂದೆ ಮಸ್ಟರಿಗೆ ಬರುತ್ತಾರಲ್ಲ, ಹಾಗಿದ್ದರೆ ಶಾಲೆಯೂ ಮಸ್ಟರಿಗೆ ಬರಲಿ ಅಂದರು. ಹಳೆಯ ಗೆಳೆಯರಿಂದ ಒಂದು ಜೀಪು ಕೇಳಿ ತಂದರು. ಬೆಳಗ್ಗೆ ಮಂಜು ಹರಿಯುವ ಮೊದಲೇ ಜೀಪು ಮಸ್ಟರ್ ಮೈದಾನದ ಅಂಚಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಹುಡುಗಿಯರನ್ನು ಹತ್ತಿಸಿಕೊಂಡು, ಆನೆ ಓಡಾಡುವ ದಾರಿ ಬಿಟ್ಟು ಸುತ್ತಿಕೊಂಡು ಶಾಲೆಗೆ ಬರುತ್ತಿತ್ತು. ಅಷ್ಟು ಬೇಗ ಬಂದ ಮಕ್ಕಳಿಗೆ ಉಪ್ಪಿಟ್ಟೂ ಅವರೇ ಮಾಡಿಸಿದರು. ಇಂಥದ್ದನ್ನು ಬೇರೆ ಯಾವ ಅಧಿಕಾರಿಗೂ ಮಾಡಲು ಆಗುತ್ತಿರಲಿಲ್ಲ, ಎಸ್ಟೇಟಿನ ಗೇಟು ದಾಟಲೂ ಬಿಡುತ್ತಿರಲಿಲ್ಲ. ಇವರನ್ನು ತಡೆಯುವವರು ಯಾರು? ಮೊದಮೊದಲು ಅವರೇ ಜೀಪಿನ ಜೊತೆ ಬರುತ್ತಿದ್ದರು, ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು.

ಮೊದಲ ದಿನವೇ ಒಬ್ಬ ಹಿರಿಯ ಕೆಲಸದಾಕೆ ಸೊಂಟಕ್ಕೆ ಪಿಕಿಂಗ್ ಚೀಲ ಬಿಗಿಯುತ್ತಾ ಕೇಳಿದಳು. "ದೊಡ್ಡವ್ರೆಲ್ಲ ಇಸ್ಕೂಲ್‌ಗೆ ಹೋದ್ರೆ ಚಿಕ್ಕವ್ರನ್ನ ಯಾರ್ ನೋಡ್ತಾರೆ ದೊರೆ?"

"ಅದಕ್ಕೂ ಆಗಿದೆ ಅಮ್ಮಾ. ಲೈನಿಗೇ ಒಂದು ಅಂಗನವಾಡಿ ಬರುತ್ತೆ, ಆರ್ಡರ್ ಹಾಕಿದೀನಿ."

ಸುಳ್ಳಲ್ಲ ಅದು. ನಿಜವಾಗಿಯೂ ಹಾಕಿದ್ದರು. ಆದರೆ ಕಂಪನಿಯಲ್ಲಿ ಅವರು ಬೆಳಗ್ಗೆ ಸಹಿ ಹಾಕಿದರೆ ಸಂಜೆಗೆ ಕೆಲಸ ಮುಗಿದಿರುತ್ತಿತ್ತು. ಸರ್ಕಾರದಲ್ಲಿ ಸಹಿ ಬಿದ್ದ ಮೇಲೆ ಕಾಗದ ನಡೆಯಲು ಶುರುಮಾಡುತ್ತದೆ, ಅದೂ ತನ್ನ ಮನಸ್ಸಿಗೆ ಬಂದ ಹಾಗೆ. ಇಷ್ಟು ವರ್ಷದ ಅಭ್ಯಾಸ, ಸಹಿ ಹಾಕಿದ್ದನ್ನು ಅವರು ಆಗಿಹೋದದ್ದು ಅಂತಲೇ ಲೆಕ್ಕ ಹಿಡಿಯುತ್ತಿದ್ದರು. ಜೀಪು ಬಂತು, ಅಂಗನವಾಡಿ ಬರಲಿಲ್ಲ. ತಾಯಂದಿರು ಮುದುಕಿಯರ ಹತ್ತಿರ, ಮೈ ಸರಿಯಿಲ್ಲದೆ ಮನೆಯಲ್ಲಿ ಉಳಿದವರ ಹತ್ತಿರ ಕೂಸುಗಳನ್ನು ಬಿಟ್ಟು ಹೇಗೋ ನಿಭಾಯಿಸುತ್ತಿದ್ದರು.

ಆ ಬೆಳಗ್ಗೆ ನಾನು ಜೀಪಿನಲ್ಲಿದ್ದೆ. ಅವರೂ ಇದ್ದರು. ಹುಡುಗಿ ಮಂಜಿನಿಂದ ಓಡಿ ಬಂದಳು, ಸೊಂಟದ ಮೇಲೆ ತಮ್ಮನಿಲ್ಲ, ಹೆಗಲ ಮೇಲೆ ಚೀಲ. ಅವಳ ತಾಯಿ ಮಸ್ಟರಿನ ಸಾಲಿನಲ್ಲಿ ನಿಂತವಳು ಕೂಗಿ ಕೇಳಿದಳು, ತಮ್ಮ ಎಲ್ಲಿ ಅಂತ.

"ಕೊನೆ ಮನೆ ಅಜ್ಜಿ ಹತ್ರ ಬಿಟ್ಟಿದೀನಿ ಅವ್ವಾ!"

ಅವರು ಕೈ ಕೊಟ್ಟು ಅವಳನ್ನು ಮೇಲಕ್ಕೆ ಎತ್ತಿಕೊಂಡರು. ದಾರಿಯುದ್ದಕ್ಕೂ ಅವಳು ಪದ್ಯ ಹೇಳಿದಳು, ಅವರು ತೊಡೆ ತಟ್ಟಿ ತಾಳ ಹಾಕಿದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ನೋಡಲಿಲ್ಲ...

ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದಾಗ ಎಸ್ಟೇಟಿನ ರೈಟರ್, ಅಂದರೆ ತೋಟದ ಗುಮಾಸ್ತ, ಬೈಕಿನಲ್ಲಿ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತು ಕೈ ಮಾಡಿ ನನ್ನನ್ನು ಕರೆದ. ಲೈನಿನ ಕೆಳಗೆ ತೋಟದ ಕೆರೆಯೊಂದಿದೆ. ಮಗು ಒಬ್ಬನೇ ಎದ್ದು ನಡೆದುಕೊಂಡು... ನಾನು ಹಿಂದಿರುಗಿ ನೋಡಿದೆ. ಹುಡುಗಿ ತಟ್ಟೆ ಹಿಡಿದು ಸಾಲಿನಲ್ಲಿ ಕೂತಿದ್ದಳು. ನನ್ನ ಮುಖ ನೋಡಿದ್ದೇ ಎದ್ದು ನಿಂತಳು.

ಕೊನೆ ಮನೆಯ ಅಜ್ಜಿ, ನನ್ನ ಹತ್ರ ಯಾರೂ ಬಿಡಲಿಲ್ಲ ಅಂತ ಎದೆ ಬಡಿದುಕೊಂಡಳು. ಯಾರೂ ನಂಬಲಿಲ್ಲ. ವಯಸ್ಸಾದವಳು, ಮರೆತು ಮಲಗಿರಬೇಕು ಅಂದರು. ತಾಯಿ ಅಜ್ಜಿಯನ್ನು ಬಯ್ಯಲಿಲ್ಲ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವಳು ಸಾರ್ ಬಂದದ್ದು ಕಂಡು ತಲೆಯೆತ್ತಿದಳು. "ನಿನ್ ಜೀಪು ಯಾರ್ ಕೇಳಿದ್ರು ದೊರೆ? ನಾವ್ ಕೇಳಿದ್ವಾ?" ಅಂದಳು. ಅಷ್ಟೇ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಅಳುತ್ತಲೂ ಇರಲಿಲ್ಲ.

ಅವರು ಲೈನಿನ ತುದಿಗೆ ನಡೆದು ಹೋದರು. ರೈಟರನನ್ನು ಕರೆದು ಗೊಬ್ಬರದ ಕೋಣೆಯ ಬೀಗ ತೆಗೆಸಿದರು. ಅವರಿಗೇನಾದರೂ ಆದೀತು ಅನ್ನುವ ಭಯಕ್ಕೆ ನಾನೂ ಹಿಂದೆ ಹೋದೆ. ಮೂಟೆಗಳ ನಡುವೆ ನಿಂತು ಮೇಲೆ ನೋಡುತ್ತಿದ್ದರು. ಮಾಡಿನ ತೊಲೆಗೆ ಸಾಲಾಗಿ ಕಬ್ಬಿಣದ ಕೊಕ್ಕೆಗಳಿದ್ದವು, ತುಕ್ಕು ಹಿಡಿದವು.

"ತೊಟ್ಟಿಲು ಕಟ್ತಿದ್ದ ಕೊಕ್ಕೆ ಟೀಚರ್. ಇನ್ನೂ ಹಂಗೇ ಇದಾವೆ" ಅಂದರು.

ಆ ಮಾತು ಕೇಳಿದಾಗಲೇ ನನಗೆ ಎಲ್ಲ ಒಟ್ಟಿಗೆ ಕಂಡದ್ದು. ಈ ಬಾಗಿಲಿಗೆ ಬೀಗ ಹಾಕಿಸಿದ್ದು ಇವರೇ. ಆ ಬೀಗದಿಂದಾಗಿಯೇ ಹುಡುಗಿಯರು ಶಾಲೆ ಬಿಟ್ಟು ಕೂಸು ಹಿಡಿದದ್ದು. ಅವರನ್ನು ಕೂಸಿನಿಂದ ಬಿಡಿಸಿ ಜೀಪು ಹತ್ತಿಸಿದ್ದೂ ಇವರೇ. ಮ್ಯಾನೇಜರಾಗಿ ಮಾಡಿದ್ದಕ್ಕೂ ಅಧಿಕಾರಿಯಾಗಿ ಮಾಡಿದ್ದಕ್ಕೂ ಅಲ್ಲಿ ಹೊರಗೆ ಮಡಿಲಲ್ಲಿ ಮಲಗಿದ್ದ ಆ ಒಂದು ಮಗು ಬಲಿಯಾಗಿ ಸಿಕ್ಕಿಬಿಟ್ಟಿತ್ತು.

ಆಮೇಲೆ ಸುದ್ದಿಯಾಯಿತು, ವಿಚಾರಣೆಯ ಮಾತೂ ಬಂತು. ಯಾರೂ ಕೇಳುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಹುದ್ದೆಯೇ ಹೋಯಿತು. ಅಂಗಳದಲ್ಲಿ ನಿಲ್ಲಬೇಕಾಗಿದ್ದವರೆಲ್ಲ ಮತ್ತೆ ಕುರ್ಚಿಯಲ್ಲಿ ಕೂತು ಟೀ ಕುಡಿದರು. ಜೀಪು ನಿಂತಿತು. ನನ್ನ ಬೆಂಚುಗಳು ಮೊದಲಿನಂತೆ ಖಾಲಿಯಾದವು. ಹುಡುಗಿಯ ಮನೆಯವರು ವಾರ ತುಂಬುವ ಮೊದಲೇ ಗಂಟು ಮೂಟೆ ಕಟ್ಟಿ ಕುಟ್ಟದ ಕಡೆಯ ಯಾವುದೋ ಎಸ್ಟೇಟಿಗೆ ಹೋದರು. ಅವಳ ವರ್ಗಾವಣೆ ಪತ್ರ ಕೇಳಲು ಯಾರೂ ಬರಲಿಲ್ಲ, ಅಂದರೆ ಬೇರೆ ಶಾಲೆಗೂ ಸೇರಲಿಲ್ಲ.

ಮುಂದಿನ ಪಿಕಿಂಗಿಗೆ ಅವರು ಲೈನಿಗೆ ಬಂದರು. ಹೊಸ ಮ್ಯಾನೇಜರ್ ಅವರ ಕೈಕೆಳಗೆ ಪಳಗಿದವನೇ ಆದ್ದರಿಂದ ಇಲ್ಲ ಅನ್ನಲಿಲ್ಲ. ಮೂಟೆಗಳನ್ನು ಹೊರಹಾಕಿ, ನೆಲ ತೊಳೆಸಿ, ಸುಣ್ಣ ಹೊಡೆಸಿದರು. ಹಳೆಯ ಆಯಾಳನ್ನು ಹುಡುಕಿ ಕರೆತಂದರು. ಕೆರೆಗೆ ಸುತ್ತಲೂ ಬೇಲಿ ಹಾಕಿಸಿದರು. ಆಮೇಲೆ ಒಂದು ಚಾಪೆ ಹಾಸಿಕೊಂಡು ತಾವೂ ಅಲ್ಲಿ ಕೂತರು. ಮೊದಲು ಯಾವ ತಾಯಿಯೂ ಮಗುವನ್ನು ತಂದು ಬಿಡಲಿಲ್ಲ. ಖಾಲಿ ತೊಟ್ಟಿಲುಗಳ ಕೆಳಗೆ ಬಾಗಿಲು ತೆರೆದುಕೊಂಡು ಅವರು ದಿನಗಟ್ಟಲೆ ಕೂತಿದ್ದನ್ನು ನಾನು ಶಾಲೆಗೆ ಹೋಗುತ್ತಾ ಬರುತ್ತಾ ನೋಡುತ್ತಿದ್ದೆ. ನೋಡಲು ಆಗುತ್ತಿರಲಿಲ್ಲ. ಕೊನೆಗೆ ಮೊದಲ ದಿನ ಆ ಪ್ರಶ್ನೆ ಕೇಳಿದ್ದ ಹಿರಿಯ ಕೆಲಸದಾಕೆಯೇ ತನ್ನ ಮೊಮ್ಮಗುವನ್ನು ತಂದು ಅವರ ಮಡಿಲಿಗೆ ಹಾಕಿದಳು. ಮಕ್ಕಳಿಲ್ಲದ ಮನುಷ್ಯ, ಎತ್ತಿಕೊಳ್ಳಲೂ ಬರುತ್ತಿರಲಿಲ್ಲ. ಮಗುವಿನ ಕುತ್ತಿಗೆ ಹಿಡಿಯುವುದು ಹೇಗೆ ಅಂತ ಆಯಾ ಬೈದು ಬೈದು ಕಲಿಸಿದಳು.

ಆಮೇಲೆ ಪ್ರತಿ ಪಿಕಿಂಗಿಗೂ ಬಂದರು. ಜಿಲ್ಲೆಯ ಶಾಲೆಗಳನ್ನೆಲ್ಲ ಸರಿಮಾಡಲು ಹೊರಟವರು ಕೊನೆಗೆ ಒಂದು ಕೋಣೆಯ ಕೂಸುಗಳಿಗೆ ಗಂಜಿ ತಿನ್ನಿಸುತ್ತಾ ಉಳಿದರು. ಅದರಿಂದ ಆದದ್ದೇನು ಅಂದರೆ, ನಮ್ಮ ಹುಡುಗಿಯರು ಪಿಕಿಂಗ್ ಕಾಲದಲ್ಲೂ ಶಾಲೆಗೆ ಬಂದರು. ಅವರಲ್ಲಿ ಒಬ್ಬಳು ಈಗ ನರ್ಸು, ಇನ್ನೊಬ್ಬಳು ವಿರಾಜಪೇಟೆಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಇದನ್ನೆಲ್ಲ ನಾನು ಅವರಿಗೆ ಹೇಳುತ್ತಿದ್ದೆ, ಸ್ವಲ್ಪವಾದರೂ ಹಗುರವಾಗಲಿ ಅಂತ. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳುತ್ತಿದ್ದರು, ಆ ಹುಡುಗಿಯ ಸುದ್ದಿ ಏನಾದರೂ ಬಂತಾ ಟೀಚರ್ ಅಂತ.

ಅವಳನ್ನು ಮತ್ತೆ ಶಾಲೆಗೆ ಸೇರಿಸಬೇಕು, ಅದೊಂದೇ ಅವರ ತಲೆಯಲ್ಲಿತ್ತು. ಕುಟ್ಟಕ್ಕೆ ಹೋದರು, ಎಸ್ಟೇಟು ಎಸ್ಟೇಟು ಸುತ್ತಿ ಮನೆ ಹುಡುಕಿದರು. ಅವಳ ತಂದೆ ಬಾಗಿಲು ತೆಗೆಯಲಿಲ್ಲ. ಮತ್ತೊಂದು ಸಲ ಹೋದರು. ಆಗಲೂ ಅಷ್ಟೇ. ಹಿಂದಿರುಗಿ ಬಂದು ನನ್ನ ಮನೆಯ ಜಗಲಿಯಲ್ಲಿ ಕೂತು, "ಅವರದೇನೂ ತಪ್ಪಿಲ್ಲ ಟೀಚರ್, ನನ್ನ ಮುಖ ನೋಡಿದ್ರೆ ಅವರಿಗೆ ಏನು ನೆನಪಾಗುತ್ತೆ ಹೇಳಿ" ಅಂದರು. ನಾನು ಕೊಟ್ಟ ಕಾಫಿ ಆರಿಹೋಯಿತು. ಮೂರನೇ ಸಲ ಹೋಗುವಷ್ಟರಲ್ಲಿ ಆ ಮನೆಯವರು ಅಲ್ಲಿಂದಲೂ ಎದ್ದು ಹೋಗಿದ್ದರು.

ಸಾರ್ ತೀರಿಕೊಂಡದ್ದು ಪಿಕಿಂಗ್ ಇನ್ನೂ ಶುರುವಾಗದ ದಿನಗಳಲ್ಲಿ, ಸೋಮವಾರಪೇಟೆಯ ತಮ್ಮನ ಮನೆಯಲ್ಲಿ. ಮನೆಯ ಹಿಂದಿನ ಜಮೀನಿನಲ್ಲಿ ಅವರ ಕಡೆಯ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಹಣೆಗೆ ದಪ್ಪಗೆ ವಿಭೂತಿ ಹಚ್ಚಿದ್ದರು. ಲೈನಿನಿಂದ ಒಂದು ಪಿಕಪ್ ತುಂಬ ಹೆಂಗಸರು ಬಂದಿದ್ದರು. ಕಚೇರಿಯಿಂದ ಯಾರೂ ಬರಲಿಲ್ಲ. ನಾನು ಒಂದು ಹಿಡಿ ಮಣ್ಣು ಹಾಕಿ ಬಂದೆ. ಆಮೇಲೆ ನನಗೂ ನಿವೃತ್ತಿಯಾಯಿತು, ಮಗನ ಮನೆ ಅಂತ ಕುಶಾಲನಗರಕ್ಕೆ ಬಂದೆ.

ಈ ಸಲ ಪಿಕಿಂಗ್ ಶುರುವಾದ ಮೇಲೆ, ನಮ್ಮ ಶಾಲೆಯ ಅಡುಗೆಯವಳ ಮಗಳ ಮದುವೆಗೆ ಅಮ್ಮತ್ತಿಗೆ ಹೋಗಿದ್ದೆ. ಹಿಂದಿರುಗುವಾಗ ಬಸ್ಸಿಗೆ ಕಾಯುತ್ತಿದ್ದೆ. "ಟೀಚರ್" ಅಂತ ಯಾರೋ ಕರೆದರು. ಬೆನ್ನಿಗೆ ಒಂದು ಕೂಸನ್ನು ಸೀರೆಯಲ್ಲಿ ಬಿಗಿದುಕೊಂಡ ಹೆಂಗಸು, ಅವಳ ಕೈ ಹಿಡಿದುಕೊಂಡು ಯೂನಿಫಾರಂ ಹಾಕಿದ ಒಬ್ಬ ಹುಡುಗಿ. ಗುರುತು ಸಿಗಲಿಲ್ಲ. ಅವಳೇ ಹೇಳಿದಳು, ಐದನೇ ಕ್ಲಾಸು, ಟೀಚರ್, ಪೂರ್ತಿ ಮಾಡಲಿಲ್ಲ ಅಂತ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕೂತಳು. ಈಗ ಅಮ್ಮತ್ತಿಯ ಹತ್ತಿರದ ತೋಟಕ್ಕೇ ಬಂದಿದ್ದಾರಂತೆ, ಗಂಡನೂ ಅಲ್ಲೇ ಕೆಲಸಕ್ಕೆ. ಮಗಳನ್ನು ಒಂದು ದಿನವೂ ಶಾಲೆ ಬಿಡಿಸಿಲ್ಲವಂತೆ.

"ಚಿಕ್ಕೋನ್ನ ಬೆನ್ನಿಗ್ ಕಟ್ಕಂಡೇ ಪಿಕಿಂಗ್ ಮಾಡ್ತೀನಿ ಟೀಚರ್. ಯಾರ್ ಹತ್ರಾನೂ ಬಿಡಲ್ಲ" ಅಂದಳು. ಆಮೇಲೆ, "ದೊರೆ ಚೆನ್ನಾಗಿದಾರಾ?" ಅಂತ ಕೇಳಿದಳು.

ಹೋಗಿಬಿಟ್ಟರು ಅಂದೆ. ಅವಳು ಮಗಳ ಕೈ ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಅಜ್ಜಿ ಹತ್ರ ನಾನ್ ಬಿಡ್ಲೇ ಇಲ್ಲ ಟೀಚರ್. ತಮ್ಮ ನಮ್ಮನೇಲೇ ನಿದ್ದೆ ಮಾಡ್ತಿದ್ದ. ಅಜ್ಜಿ ಮನೆ ಬಾಗ್ಲು ಹಾಕಿತ್ತು. ಕೂಗಿ ಎಬ್ಸೋಣ ಅನ್ಕಂಡೆ, ಅಷ್ಟರಲ್ಲಿ ಹಾರನ್ ಹೊಡೀತು... ಎಲ್ಲಿ ಜೀಪು ಹೊರಟ್ ಹೋಗುತ್ತೋ ಅಂತ ಓಡ್ಬಿಟ್ಟೆ. ಅವ್ವಂಗೆ ಸುಳ್ಳು ಹೇಳ್ದೆ. ಅವ್ವ ದೊರೆಗೆ ಬೈದಾಗ ಬಾಯಿಗ್ ಬಂತು, ಹೇಳಕ್ಕಾಗ್ಲಿಲ್ಲ. ಕುಟ್ಟಕ್ ಬಂದಾಗ ಕಿಟಕೀಲಿ ನೋಡ್ದೆ. ಬಿಸ್ಲಲ್ಲಿ ನಿಂತಿದ್ರು, ಟೋಪಿ ಕೈಲ್ ಹಿಡ್ಕಂಡು. ಆಗ್ಲೂ ಹೇಳ್ಲಿಲ್ಲ."

ಹತ್ತು ವರ್ಷದ ಮಗುವೊಂದು ಇಷ್ಟು ಕಾಲ ಇದನ್ನು ಹೊತ್ತುಕೊಂಡು ದೊಡ್ಡದಾಗಿತ್ತು. ಅವಳ ಬೆನ್ನ ಮೇಲಿನ ಕೂಸು ಎಚ್ಚರವಾಗಿ ನನ್ನ ಸೆರಗು ಹಿಡಿದು ಎಳೆಯಿತು.

"ಅವರಿಗೆ ಗೊತ್ತಿತ್ತು ಕಣಮ್ಮ. ನನ್ ಹತ್ರ ಹೇಳಿದ್ರು. ಮಗು ಶಾಲೆಗೆ ಬರಬೇಕು ಅಂತ ಆಸೆಪಟ್ಟು ಓಡಿಬಂತು, ಅದರದೇನೂ ತಪ್ಪಿಲ್ಲ ಅಂತ."

"ನಿಜವಾ ಟೀಚರ್?"

"ನಿಜ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಏನೂ ಅರ್ಥವಾಗದೆ ತಾಯಿಯ ಮೊಣಕಾಲು ಹಿಡಿದು ನಿಂತಳು. ಬಸ್ಸು ಬಂತು, ನಾನು ಬಿಟ್ಟೆ. ಮುಂದಿನ ಬಸ್ಸಿನವರೆಗೂ ಅವಳ ಜೊತೆ ಕೂತಿದ್ದೆ.

ಅವರಿಗೆ ಏನೂ ಗೊತ್ತಿರಲಿಲ್ಲ. ಎಲ್ಲವನ್ನೂ ತಮ್ಮೊಬ್ಬರ ತಲೆಯ ಮೇಲೆ ಹಾಕಿಕೊಂಡೇ ಮಣ್ಣಿಗೆ ಹೋದರು. ಕೊನೆ ಮನೆಯ ಅಜ್ಜಿಯೂ ಹಾಗೆಯೇ ಹೋದಳು, ಯಾರೂ ನಂಬದೆ. ಸಾರ್ ಬದುಕಿದ್ದರೆ ನಾನು ಅವರಿಗೆ ಇದನ್ನು ಹೇಳುತ್ತಿದ್ದೆನೇ? ನಿಮ್ಮ ಜೀಪಿಗಾಗಿ ಅವಳು ತಮ್ಮನನ್ನೇ ಬಿಟ್ಟು ಓಡಿಬಂದಳು ಸಾರ್, ಅಷ್ಟು ಆಸೆಯಿತ್ತು ಅವಳಿಗೆ ಅಂತ? ಅದನ್ನು ಕೇಳಿ ಅವರ ಎದೆ ಹಗುರವಾಗುತ್ತಿತ್ತೋ, ಪೂರ್ತಿ ಒಡೆದೇ ಹೋಗುತ್ತಿತ್ತೋ, ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ. ಅವರನ್ನೇ ಕೇಳೋಣ ಅನ್ನಿಸುತ್ತದೆ.